ಲಿಫ್ಟಿಗೆ ಎರಡು ಬೀಗ

ಮಾರ್ಚ್ 4, ಮಂಗಳವಾರ

ಇವತ್ತೂ ಮ್ಯಾನೇಜರ್ ಜೊತೆ ಕಟ್ಟಡವೆಲ್ಲ ರೌಂಡ್ಸ್. ಕಂಪನಿ ಕಡೆಯಿಂದ ಅವರು, ಯೂನಿಯನ್ ಕಡೆಯಿಂದ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಬಡಗಿ ನಾನು. ಇಬ್ಬರೂ ಸೇರಿ ಸೇಫ್ಟಿ ಕಮಿಟಿಯಂತೆ. ಬಿದ್ದವರನ್ನು ಹಿಡಿಯುವ ಬಲೆ ಹರಿದಿದೆ ಎಂದೆ. ಬದಲಾಯಿಸಿದರು. ಕಟಕಟೆ ಅಲ್ಲಾಡುತ್ತಿದೆ ಎಂದೆ. ವೆಲ್ಡರನನ್ನು ಕರೆಸಿದರು. ಇಷ್ಟು ಬೇಗ ಯಾಕೆ ಒಪ್ಪುತ್ತಾರೆ? ಟೀ ಬೇರೆ ತರಿಸಿದರು. ಕುಡಿಯಲಿಲ್ಲ. ಬೆಣ್ಣೆ ಹಚ್ಚುವುದು ನನಗೆ ಗೊತ್ತಾಗದೇ?

ಮಾರ್ಚ್ 7

ಲಿಫ್ಟ್ ನಿಂತ ಮೇಲೂ ಗೇಣುದ್ದ ಜಾರುತ್ತಿದೆ. ಬ್ರೇಕ್ ಕಿರ್ರೆನ್ನುತ್ತದೆ. ತಂಗಿ ದಿನಾ ಗಾರೆ ಕೆಲಸಕ್ಕೆ ಅದರಲ್ಲೇ ಮೇಲೆ ಹೋಗುವುದು. ನಿಲ್ಲಿಸಿ ಎಂದೆ. ತಕರಾರು ತೆಗೆಯುತ್ತಾರೆ, ಆಗ ಬಣ್ಣ ಬಯಲು ಮಾಡೋಣ ಎಂದುಕೊಂಡಿದ್ದೆ. ನಿಲ್ಲಿಸೋಣ ಎಂದುಬಿಟ್ಟರು. ಹೊಸ ಬ್ರೇಕ್ ಬರುವವರೆಗೆ ಸ್ವಿಚ್ ಪೆಟ್ಟಿಗೆಗೆ ಎರಡು ಬೀಗ — ಒಂದರ ಕೀ ಅವರ ಹತ್ತಿರ, ಇನ್ನೊಂದರದು ನನ್ನ ಹತ್ತಿರ. ಎರಡೂ ಅವರೇ ಕೊಟ್ಟದ್ದು! ಸಂಜೆ ಅಂಗಡಿಗೆ ಹೋಗಿ, ನನ್ನ ಪಾಲಿನದನ್ನು ತೆಗೆದು ಬೇರೆ ಬೀಗ ತಂದು ಹಾಕಿದೆ.

ಮಾರ್ಚ್ 8

ಎಲ್ಲರಿಗೂ ಮೆಟ್ಟಿಲೇ ಗತಿ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. 'ಅಳಿಯದೇವರು' ಎಂದು ಹೆಸರಿಟ್ಟಿದ್ದಾರೆ... ಕಂಪನಿಗೆ ಅಳಿಯನಂತೆ ನಾನು. ಊಟದ ಹೊತ್ತಿಗೆ ತಂಗಿ ಕಾಲು ಚಾಚಿ ಕೂತಳು.

"ಅಣ್ಣಾ, ನಿನಗೆ ಅವರ ಮೇಲೆ ಅನುಮಾನ, ಇವರಿಗೆ ನಿನ್ನ ಮೇಲೆ. ಮಧ್ಯದಲ್ಲಿ ನನ್ನ ಮಂಡಿ ಹೋಯ್ತು ನೋಡು."

ನಗು ಬಂತು. ನಗಲಿಲ್ಲ.

ಮಾರ್ಚ್ 12

ಮ್ಯಾನೇಜರ್ ಫೋನಿನಲ್ಲಿ ಪಿಸುಗುಡುತ್ತಿದ್ದರು. ನನ್ನನ್ನು ಕಂಡೊಡನೆ ಗಪ್‌ಚಿಪ್. ಕಿವಿಗೆ ಬಿದ್ದದ್ದು ಇಷ್ಟೇ — ನಾಳೆ ಬೆಳಗ್ಗೆ... ಬೀಗ...

ಗೊತ್ತಿತ್ತು. ನನಗೆ ಮೊದಲೇ ಗೊತ್ತಿತ್ತು.

ಮಾರ್ಚ್ 13

ರೆಡ್‌ಹ್ಯಾಂಡಾಗಿ ಹಿಡಿಯೋಣವೆಂದು ಎಲ್ಲರಿಗಿಂತ ಮೊದಲೇ ಹೋದೆ. ಪೆಟ್ಟಿಗೆಗೆ ಬೆನ್ನು ಕೊಟ್ಟು ಮ್ಯಾನೇಜರ್ ನಿಂತಿದ್ದಾರೆ. ಎದುರಿಗೆ ಲಿಫ್ಟ್ ಕಂಟ್ರಾಕ್ಟರ್, ಕೈಯಲ್ಲಿ ಕಟ್ಟರ್. ಬೀಗ ಒಡೆದು ಲಿಫ್ಟ್ ಓಡಿಸು ಎಂದು ಹೆಡ್ ಆಫೀಸೇ ಕಳಿಸಿದೆಯಂತೆ.

ಮ್ಯಾನೇಜರ್ ನನ್ನತ್ತ ಕೈ ತೋರಿಸಿದರು. "ಅವರದೂ ಒಂದು ಬೀಗ ಇದೆ. ಅವರನ್ನೂ ಕೇಳಿ."

ಆಗಲ್ಲ ಎಂದೆ. ಹೋಗಿ ಅವರ ಪಕ್ಕದಲ್ಲಿ ನಿಂತೆ. ತಂಗಿ ಬಂದಳು, ಹಿಂದೆಯೇ ಗಾರೆಯವರೆಲ್ಲ. ಕಂಟ್ರಾಕ್ಟರ್ ಗೊಣಗುತ್ತ ಹೊರಟುಹೋದ.

ನಿನ್ನೆಯೇ ಸುದ್ದಿ ಸಿಕ್ಕಿದ್ದರೆ ನನಗೇಕೆ ಹೇಳಲಿಲ್ಲ ಎಂದು ಮ್ಯಾನೇಜರನ್ನು ಕೇಳಿದೆ.

"ಹೇಳಿದ್ರೆ ನಂಬ್ತಿದ್ರಾ?"



ಮಧ್ಯಾಹ್ನ ಹೊಸ ಬ್ರೇಕ್ ಬಂತು. ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ ತೋರಿಸಿದ. ಸವೆದು ಸವೆದು ಬರೀ ತಗಡು. ತಂಗಿ ಬೆರಳಿನಿಂದ ಮುಟ್ಟಿ ನೋಡಿದಳು.

ಮಾರ್ಚ್ 19

ಬೀಗ ಒಡೆಯಲು ಬಿಡದ ತಪ್ಪಿಗೆ ಮ್ಯಾನೇಜರನ್ನು ಎತ್ತಂಗಡಿ ಮಾಡುತ್ತಾರಂತೆ. ನಾಳೆ ಸಭೆ, ಹೆಡ್ ಆಫೀಸಿನವರೂ ಬರುತ್ತಾರೆ. ಇವರೇ ಇರಲಿ ಎಂದು ಯೂನಿಯನ್ ಪರವಾಗಿ ಕೇಳಬೇಕಾದವನು ನಾನೇ. ನಾನು, ಕಂಪನಿಯವರ ಪರ! ಇದರಲ್ಲಿ ಅವರಿಗೇನು ಲಾಭವಿತ್ತು ಎಂದು ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಎದ್ದು ನಿಂತು ಏನೆಂದು ಶುರು ಮಾಡಲಿ? ಸಾರ್, ಈ ಮನುಷ್ಯ...