ತಾತನನ್ನು ಕೆಸರುಮೂತಿಗೆ ಕಳಿಸಿದವನಿಗೆ

ಟಕರ್ಸ್ ಫೆರಿ, ಅಲಬಾಮಾ
ಜೂನ್ 9, 1986, ಸೋಮವಾರ

ಅಣ್ಣಾ ರಾಯ್ಸ್,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಆರೋಗ್ಯವೇ? ಟೆಕ್ಸಸ್ ಬಿಸಿಲಿಗೆ ಕತ್ತು ಸುಟ್ಟುಕೊಂಡಿರುತ್ತೀಯ, ಮುಲಾಮು ಹಚ್ಚಿಕೋ. ನಾನು ಚೆನ್ನಾಗಿದ್ದೇನೆ. ತಾತ ಚೆನ್ನಾಗಿಲ್ಲ. ಅದಕ್ಕೆ ನೀನೇ ಕಾರಣ.

ಮೀನು ಸಿಕ್ಕ ಜಾಗದ ಬಗ್ಗೆ ಈ ಊರಲ್ಲಿ ಯಾರೂ ನಿಜ ಹೇಳುವುದಿಲ್ಲ, ಗೊತ್ತು. "ಎಲ್ಲಿ ಸಿಕ್ತೋ?" ಅಂದರೆ "ಬಾಯಲ್ಲಿ ಸಿಕ್ತು, ಕೊಕ್ಕೆ ಅಲ್ಲೇ ಇತ್ತು" ಅನ್ನುತ್ತಾರೆ. ಆದರೆ ನಮ್ಮನ್ನು ಸಾಕಿದ ತಾತನಿಗೂ ಸುಳ್ಳೇ? ಮೊಟ್ಟೆಯಿಟ್ಟು ಮುಗಿಸಿದ ಬಾಸ್ ಮೀನು ಜೂನ್‌ನಲ್ಲಿ ಕಲ್ಲುಮೂತಿಯ ತುದಿಗೆ ಬರುತ್ತದೆ, ನೆಲ ನೀರೊಳಗೆ ಚಾಚಿ, ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೆ ಹೊಳೆಯ ಪಾತ್ರಕ್ಕೆ ಧುಮುಕುವಲ್ಲಿ ಗುಂಪುಗೂಡುತ್ತದೆ ಎಂದು ನಿನಗೆ ಕಲಿಸಿದವನೇ ಅವನು. ಕಣ್ಣು ಮಂಜಾಯಿತೆಂದು ಈ ಸಲ, ನೀನು ಹೊರಡುವ ಮೊದಲು, ಮೀನು ಎಲ್ಲಿವೆಯೆಂದು ನಿನ್ನನ್ನು ಕೇಳಿದ. ನೀನು "ಎಲ್ಲಾ ಕೆಸರುಮೂತಿಗೆ ಹೋಗಿವೆ ತಾತ" ಅಂದೆ. ಪಾಪ, ವಾರವಿಡೀ ಆ ಮೀನಿಲ್ಲದ ಕೆಸರು ಚಾಚಿನಲ್ಲೇ ಗಾಳ ಎಸೆದ. ಅವನನ್ನು ನಂಬಿ ಹಿಂದೆ ಹೋದವರೆಲ್ಲ ಬರಿಗೈಲಿ ಬಂದು, "ಮುದುಕನ ಆಟ ಮುಗೀತು" ಎಂದು ನಗುತ್ತಿದ್ದಾರೆ. ಆದರೂ ಅವನು ಮತ್ತೆ ಅಲ್ಲಿಗೇ ಹೋಗುತ್ತಾನೆ.

ಮೊನ್ನೆ ಎರೆಹುಳದ ಅಂಗಡಿಯಲ್ಲಿ ನಿನ್ನ ದೋಣಿಯ ಜೊತೆಗಾರ ಡಬ್ ಬಾಯಿಬಿಟ್ಟ: "ನಿಮ್ಮಣ್ಣ ಗಟ್ಟಿಗ ಬಿಡು! ಕಲ್ಲುಮೂತಿ ತುಂಬ ಮೀನಿಟ್ಕೊಂಡು ಮುದುಕನ್ನ ಕೆಸರಿಗೆ ಅಟ್ಟವ್ನೆ." ಟೆಕ್ಸಸ್‌ನಿಂದ ಮರಳಿ ಬಂದು ಇಲ್ಲಿ ಇಪ್ಪತ್ತೊಂದರ ಮೀನು ಹಿಡಿಯುವ ಸ್ಪರ್ಧೆ ಗೆದ್ದು ದೊಡ್ಡವರ ಸಾಲಿಗೆ ಸೇರಬೇಕಲ್ಲ ನಿನಗೆ! ಸಮಾಜವಾದಿಗಳ ಕಿರುಹೊತ್ತಗೆ ಓದಿ ಕೆಟ್ಟೆ ಎಂದು ನನ್ನನ್ನು ಅಣಕಿಸುತ್ತೀಯ. ಹೌದು, ಓದಿದ್ದೇನೆ. ಎಲ್ಲರ ನೀರನ್ನು ಒಬ್ಬ ಬಚ್ಚಿಟ್ಟುಕೊಂಡರೆ ಅದು ಕಳ್ಳತನ. ನಾನು ಅಲ್ಲೇ ನಿಂತು ಇಡೀ ಅಂಗಡಿಗೆ ಕೂಗಿ ಹೇಳಿದೆ: ಮೀನು ಕಲ್ಲುಮೂತಿಯಲ್ಲಿದೆ, ಚರ್ಚಿನ ಗೋಪುರ ನೀರಿನ ಟ್ಯಾಂಕಿನ ನೇರಕ್ಕೆ ಕಾಣುವಲ್ಲಿ ನಿಂತು, ಮುಳುಗಿದ ಬೇಲಿಕಂಬಗಳಾಚೆ ಎಸೆಯಿರಿ! ಸ್ಪರ್ಧೆಯ ದಿನ ಅಲ್ಲಿ ನಿನ್ನ ದೋಣಿ ತೂರಿಸಲು ಜಾಗ ಸಿಕ್ಕರೆ ನೋಡು.

ದೇವರು ನಿನ್ನನ್ನು ದಾರಿಯಲ್ಲಿ ಕಾಪಾಡಲಿ, ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ನಿನ್ನ ತಂಗಿ,
ಆರ್ಲೀನ್

ಮತ್ತೆ: ಲಕೋಟೆ ಅಂಟಿಸುವಾಗ ತಾತ ಬಂದ. ಎಲ್ಲ ಹೇಳಿದೆ. ಅವನಿಗೆ ಮೊದಲ ದಿನವೇ ಗೊತ್ತಿತ್ತಂತೆ! "ನಾನೆಲ್ಲಿ ಕೂತರೂ ಊರಿನ ದೋಣಿಗಳೆಲ್ಲ ಅಲ್ಲೇ ಮುತ್ಕೊಳ್ತವೆ. ಅದಕ್ಕೇ ಕೆಸರಲ್ಲಿ ಕೂತೆ, ಹುಡುಗನಿಗೆ ಜಾಗ ಉಳೀಲಿ ಅಂತ. ನಕ್ಕರೆ ನಗಲಿ ಬಿಡು. ನೀನು ಹೋಗಿ ಡಂಗುರ ಹೊಡೆದು ಬಂದ್ಯಾ ತಾಯಿ?" ಅಂದ. ಈಗ ಪಕ್ಕದಲ್ಲೇ ನಿಂತು ಬರೆಸುತ್ತಿದ್ದಾನೆ, ನಾನು ಹಲ್ಲು ಕಡಿಯುತ್ತ ಬರೆಯುತ್ತಿದ್ದೇನೆ: ದೋಣಿಗಳ ಗದ್ದಲಕ್ಕೆ ಮೀನು ಕಲ್ಲುಮೂತಿ ಬಿಟ್ಟು ಹೊಳೆಯ ಪಾತ್ರಕ್ಕೆ ಇಳಿಯುತ್ತದೆ. ಗುಂಪಿಗೆ ಸೇರಬೇಡ. ಆಳದ ಕಡೆ ದೂರ ನಿಲ್ಲು, ಗಾಳ ತಳ ಮುಟ್ಟುವವರೆಗೆ ಕಾದು ನಿಧಾನಕ್ಕೆ ಎಳೆ. ಇದನ್ನು ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡ. ಹಾಕಿದ್ದೇನೆ. ಆ ಸಿಟ್ಟೂ ನಿನ್ನ ಮೇಲೇ.