ವಾಣಿಶ್ರೀಯನ್ನು ಕೇಳಿದವರು

ಬಸವಣ್ಣೆಮ್ಮಾ,

‘ಎಚ್‌ಐವಿ ಇರೋ ಹುಡುಗೀನ ಯಾರು ಮಾಡ್ಕೊಂತಾರಣ್ಣ’ ಅಂತ ನಿನ್ನೆ ಬಸ್ ಹತ್ತಿಸುವಾಗ ಅಂದೆಯಲ್ಲ, ದಾವಣಗೆರೆಯ ಈ ವಧು-ವರರ ಸಮಾವೇಶಕ್ಕೆ ಬಂದ ಗಂಡು ಹೆಣ್ಣೆಲ್ಲ ನಿನ್ನ ಮಗಳಂತೆಯೇ ಮಾತ್ರೆ ನುಂಗುವವರು, ತಂಗಿ. ಹಾಲ್ ವರ್ತಕರದು, ಊಟ ಮಸೀದಿ ಕಮಿಟಿಯದು, ಡಾಕ್ಟರು ಸರ್ಕಾರದವರು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಜಾತಕ ಯಾರೂ ಬಿಚ್ಚಲಿಲ್ಲ. ಹರಿಹರದ ವೆಲ್ಡರ್ ಕೊಟ್ಟೂರೇಶನ ತಾಯಿ ನಮ್ಮ ವಾಣಿಶ್ರೀಯನ್ನು ‘ಮಾತ್ರೆ ತಪ್ಪಿಸ್ತೀಯೇನವ್ವ?’ ಎಂದು ಕೇಳಿದರು. ‘ಇಲ್ಲ ಅತ್ತೆ, ನಿಮ್ಮ ಮಗ ಹೆಂಗೆ?’ ಎಂದಳು ಇವಳು. ‘ಆಗ್ಲೇ ಅತ್ತೆ ಆದ್ನಾ!’ ಎಂದು ನಕ್ಕು ಆಕೆ ಕಣ್ಣೊರೆಸಿಕೊಂಡರು. ಇಬ್ಬರ ರಕ್ತದಲ್ಲೂ ವೈರಸ್ ‘ಅನ್‌ಡಿಟೆಕ್ಟಬಲ್’ ಅಂತೆ. ಡಿಟೆಕ್ಟ್ ಅಂದರೆ ಪತ್ತೆಹಚ್ಚುವುದು ಎಂದು ಕಾಲೇಜಿನಲ್ಲಿ ಓದಿದ ನೆನಪು. ನಿನ್ನ ಅತ್ತಿಗೆ ಇದ್ದಿದ್ದರೆ ಸರಿಯಾಗಿ ಹೇಳುತ್ತಿದ್ದಳು. ಮಾತ್ರೆ ಬಿಡದಿದ್ದರೆ ಹುಟ್ಟುವ ಮಗುವಿಗೂ ತಗಲದಂತೆ ನೋಡಿಕೊಳ್ಳಬಹುದು ಎಂದರು ಡಾಕ್ಟರಮ್ಮ. ನನ್ನ ಮಂಡಿನೋವು ಪರವಾಗಿಲ್ಲ. ಇದನ್ನು ಬರೆಯಲು ಅಂಚೆ ಕವರ್ ತರಲು ಹೊರಟಿದ್ದೆ. ವಾಣಿಶ್ರೀಯೇ ‘ಕವರ್ ಬ್ಯಾಡ ಮಾವ, ಕಾರ್ಡಿನಾಗೇ ಬರೀರಿ, ಓದೋರು ಓದ್ಲಿ’ ಎಂದಳು. ಯಾರಾದರೂ ಒಪ್ಪಿದರೆ ಕತ್ತಲಾದ ಮೇಲೆ ಕರೆದುಕೊಂಡು ಬಾ ಎಂದು ನೀನು ಹೇಳಿದ್ದೆ. ಒಪ್ಪಿದ ಆ ತಾಯಿ-ಮಗನನ್ನು ನಾನು ಮುಂದಿನ ಭಾನುವಾರ ಮಧ್ಯಾಹ್ನದ ಊಟಕ್ಕೇ ಕರೆದಿದ್ದೇನೆ. ಬೆಳಕು ಹೋಗುತ್ತಿದೆ, ನಿಲ್ಲಿಸಿದೆ.

ನಾಗರಾಜಪ್ಪ