ಜಗಲಿಯಿಂದ ಇಳಿದ ಸಿಡಿ

ಮುರುಮ
14 ಡಿಸೆಂಬರ್ 2009

ಚಿರಂಜೀವಿ ತಂಗಿ ಸಾರಿಕಾಳಿಗೆ,

ಗುರಣ್ಣನ ಆಶೀರ್ವಾದ. ನೀನೂ ಮಗು ವಿದ್ಯಾಳೂ ಉದಗೀರದಲ್ಲಿ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಗಣಪತಿ ಹಬ್ಬದ ಹೊತ್ತಿಗೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡ. ಕಾರ್ಖಾನೆಯಲ್ಲಿ ಕಬ್ಬು ನುರಿಸುವುದು ಶುರುವಾಗಿದೆ, ನನ್ನ ಪಾಳಿ ದಿನಕ್ಕೊಂದು ಹೊತ್ತಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ನೀನು ಕೇಳಿದ್ದನ್ನು ಕೈಯಲ್ಲಿ ಹಿಡಿಯದೆ ಬರೆಯುವುದು ಬೇಡ ಅನ್ನಿಸಿತು.

ಈಗ ಅದು ಸಿಕ್ಕಿದೆ. ಈ ಪತ್ರದ ಜೊತೆ ಒಂದು ಹೊಸ ಸಿಡಿ, ನಿನ್ನ ಮೊಬೈಲಿಗೆ ಹಾಕುವ ಒಂದು ಮೆಮರಿ ಕಾರ್ಡ್ ಇವೆ. ಎರಡರಲ್ಲೂ ತಮ್ಮ ರೇವಣಸಿದ್ಧನ ಡೊಳ್ಳಿನ ಹಾಡುಗಳಿವೆ. ಅವನು ಔರಾದ ಶಹಾಜನಿಯಲ್ಲಿ ಹಾಡಿ ಬರುವಾಗ ದೀಪವಿಲ್ಲದ ಕಬ್ಬಿನ ಟ್ರಾಲಿಗೆ ಗಾಡಿ ಹೊಡೆದು ತೀರಿಹೋದಾಗ ವಿದ್ಯಾ ನಿನ್ನ ಹೊಟ್ಟೆಯಲ್ಲಿದ್ದಳು. ಅಪ್ಪನ ದನಿ ಹೇಗಿತ್ತೆಂದು ಅವಳಿಗೆ ಗೊತ್ತಿಲ್ಲ, ಒಮ್ಮೆ ಕೇಳಿಸಬೇಕು ಎಂದು ನೀನು ಬರೆದದ್ದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಹಾಡು ಮುದ್ರಿಸಿದ ಸ್ಟುಡಿಯೊ ಮುಚ್ಚಿದೆ. ಊರಿನವರು ಕೊಂಡ ಸಿಡಿಗಳು ಟ್ರ್ಯಾಕ್ಟರುಗಳಲ್ಲಿ ಬಾರಿಸಿ ಬಾರಿಸಿ ಹಾಳಾದವು. ಉಳಿದದ್ದು ನಮ್ಮ ಮನೆಯ ದೇವರ ಜಗಲಿಯ ಮೇಲೆ ಬೀರಪ್ಪನ ಪಕ್ಕದಲ್ಲಿ ಇದ್ದದ್ದೊಂದೇ. ನೀನು ಕೇಳಿದಾಗಲೆಲ್ಲ ಅವ್ವ ಏನೆನ್ನುತ್ತಿದ್ದಳೆಂದು ನಿನಗೂ ಗೊತ್ತು: "ಜಗಲಿ ಬಿಟ್ಟು ಅದು ಇಳಿಯಂಗಿಲ್ಲ. ಕೇಳೂದಿದ್ರ ಕೂಸಿನ ಕರಕೊಂಡು ಇಲ್ಲೇ ಬಂದು ಕೇಳಲಿ." ದೀಪಾವಳಿ ಆದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ತೆಗೆದು ನನ್ನ ಕೈಯಲ್ಲಿಟ್ಟಳು. ಆದರೆ ಒಬ್ಬನೇ ಒಯ್ಯಲು ಬಿಡಲಿಲ್ಲ. ಸಿಡಿಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಉಮರ್ಗಾದ ಬಸ್ಸು ಹತ್ತಿದಳು.

ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಸೂರ್ಯಕಾಂತ ಎಂಬುವನ ಅಂಗಡಿಯಿದೆ. ಮೊಬೈಲಿಗೆ ಹಾಡು ತುಂಬಿಕೊಡುತ್ತಾನೆ. ಅವ್ವನನ್ನು ಒಳಗೆ ಕೂರು ಎಂದರೂ ಕೂರಲಿಲ್ಲ. ನಮ್ಮ ಕಡೆ ಆ ದೊಡ್ಡ ಭೂಕಂಪ ಆದಾಗಿನಿಂದ ಅವಳು ಬಾಗಿಲು ಬಿಟ್ಟು ಒಳಗೆ ಕೂರುವವಳಲ್ಲ. ಹೊಸ್ತಿಲ ಹತ್ತಿರವೇ ಸ್ಟೂಲು ಹಾಕಿಸಿಕೊಂಡಳು. ಸೂರ್ಯಕಾಂತ ಸಿಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಇದರ ಹೊಳೆಯೋ ಮಗ್ಗಲಾ ಯಾರು ಉಜ್ಜ್ಯಾರ್ರಿ?"

"ನಾನೇ ಉಜ್ಜೀನಪ್ಪಾ," ಅವ್ವ ಹೊಸ್ತಿಲಿಂದ ಹೇಳಿದಳು. "ಪ್ರತಿ ಅಮಾಸಿಗಿ ಹಳೀ ಭಂಡಾರ ಒರಸಿ ಹೊಸಾ ಭಂಡಾರ ಹಚ್ಚತೀನಿ. ಕಂಬಳೀಲೆ ಒರಸ್ತೀನಿ. ದೇವರಿಗಿ ಅರಿವಿ-ಬಟ್ಟಿ ನಡ್ಯಂಗಿಲ್ಲ."

ನಿನಗೆ ಈಗ ತಿಳಿದಿರಬೇಕು. ಹೊಳೆಯುವ ಮುಖದೊಳಗೇ ಮಗನ ದನಿ ಇದೆ ಎಂದು ಯಾರೋ ಅವಳಿಗೆ ಹೇಳಿದ್ದರು. ಅದಕ್ಕೇ ಬೀರಪ್ಪನಿಗೆ ಹಚ್ಚುವ ಅರಿಶಿನದ ಪುಡಿಯನ್ನು ಆ ಮುಖಕ್ಕೇ ಹಚ್ಚಿ, ನಮ್ಮ ಕುರಿಯ ಉಣ್ಣೆಯ ಒರಟು ಕಂಬಳಿಯಿಂದಲೇ ಒರೆಸಿ, ಇಷ್ಟು ವರ್ಷ ಪೂಜೆ ಮಾಡಿದ್ದಾಳೆ. ಸಿಡಿಯ ತುಂಬ ಗೀರುಗಳು. ಸೂರ್ಯಕಾಂತ ನಗಲು ಬಾಯಿ ತೆರೆದವನು ನನ್ನ ಮುಖ ನೋಡಿ ಸಿಡಿಯನ್ನು ಮತ್ತೆ ಬೆಳಕಿಗೆ ಹಿಡಿದ.

"ಯಾಕ, ತಪ್ಪಾತೇನು?" ಎಂದಳು ಅವ್ವ.

"ಇಲ್ಲಬೇ ಆಯಿ. ಭಾಳ ಚಂದ ಇಟ್ಟೀದಿ," ಎಂದ ಅವನು. ಆ ಮಾತಿಗೆ ನಾನು ಅವನಿಗೆ ಋಣಿ.

ಸಿಡಿಯಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ಬೇರೆ ಬೇರೆ ಸಾಫ್ಟ್‌ವೇರ್ ಇರುತ್ತವೆ ಎಂಬುದು ನನಗೆ ಅಲ್ಲಿಯೇ ಗೊತ್ತಾಯಿತು. ಕಂಪ್ಯೂಟರಿನ ಜೊತೆಗೇ ಬರುವಂಥದ್ದನ್ನು ಮೊದಲು ಹಚ್ಚಿದ. ಅದು ಇಂಟರ್ನೆಟ್ಟಿನಲ್ಲಿ ಸಿಡಿಯ ಹೆಸರು ಹುಡುಕಿ ಯಾವುದೋ ಪಂಜಾಬಿ ಮದುವೆ ಹಾಡುಗಳ ಹೆಸರು ತೋರಿಸಿತು. "ಕಾಕಾ, ನಿಮ್ಮ ತಮ್ಮ ಪಂಜಾಬಿ ಆಗ್ಯಾನ ನೋಡ್ರಿ," ಎಂದ ಸೂರ್ಯಕಾಂತ. ನಾನೂ ನಕ್ಕೆ. ಆ ಸಾಫ್ಟ್‌ವೇರ್ ನಡುವಿನ ಹಾಡಿಗೆ ಬಂದು ನಿಂತೇಬಿಟ್ಟಿತು.

ಎರಡನೆಯದು ಬಹಳ ಚುರುಕು. ಚಹಾ ಕುಡಿಯುವಷ್ಟರಲ್ಲಿ ಎಲ್ಲ ಹಾಡು ಇಳಿದವು. ಕೇಳಲು ನಯವಾಗಿ, ಎಲ್ಲೂ ಕಿರಿಕಿರಿಯಿಲ್ಲದೆ ಇತ್ತು. ಅಕ್ಕ ಅಡವಿಯಲ್ಲಿ ತಮ್ಮನನ್ನು ಹುಡುಕಿಕೊಂಡು ಹೋಗುವ ಹಾಡು ಬಂದಾಗ ನನಗೆ ಅನುಮಾನವಾಯಿತು. ಅಕ್ಕ ಬಾವಿಯನ್ನು ಕೇಳಬೇಕು, ಅಗಸನನ್ನು ಕೇಳಬೇಕು, ಕುರಿ ಕಾಯುವವನನ್ನು ಕೇಳಬೇಕು. ಇದರಲ್ಲಿ ಆಕೆ ಮನೆಯಿಂದ ಹೊರಡುತ್ತಾಳೆ, ಮರುಸಾಲಿಗೆ ತಮ್ಮ ಎದುರಿಗೇ ನಿಂತಿರುತ್ತಾನೆ. ಓದಲು ಬಾರದ ಜಾಗ ಬಂದಾಗ ಆ ಸಾಫ್ಟ್‌ವೇರ್ ಮುಂದಕ್ಕೆ ಹಾರಿ ಎರಡು ತುದಿಗಳನ್ನು ಕೂಡಿಸಿಬಿಡುತ್ತದಂತೆ. ಹಾಡು ಗೊತ್ತಿಲ್ಲದವರಿಗೆ ಏನೂ ಹೋದಂತೆ ಅನ್ನಿಸುವುದಿಲ್ಲ.

ಬೇರೆ ಇದೆಯೇ ಎಂದು ಕೇಳಿದೆ. ಒಂದಿದೆ, ಬಿಟ್ಟಿ ಸಿಗುತ್ತದೆ, ಆದರೆ ಬಹಳ ನಿಧಾನ ಎಂದ. ಅದು ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಿ ನೋಡುತ್ತದೆ. ಆದರೂ ಆಗದಿದ್ದರೆ ಆ ಜಾಗ ಖಾಲಿ ಬಿಟ್ಟು, ಯಾವ ಹಾಡಿನಲ್ಲಿ ಎಲ್ಲಿ ಹೋಗಿದೆ ಎಂದು ಕೊನೆಗೆ ತೋರಿಸುತ್ತದೆ. ನಾನು ಅದೇ ಇರಲಿ ಎಂದಾಗ ಸೂರ್ಯಕಾಂತ, "ಕಾಕಾ, ತುಮ್ಹಾಲಾ ಗಾಣಂ ಪಾಯಿಜೆ ಕಾ ಹಿಶೋಬ?" ಎಂದ. ಹಾಡು ಬೇಕೋ ಲೆಕ್ಕ ಬೇಕೋ ಎಂದು. "ಎರಡೂ ಬೇಕಪ್ಪಾ," ಎಂದೆ.

ಮಧ್ಯಾಹ್ನದ ಊಟದ ಹೊತ್ತು ಮೀರುವ ತನಕ ಯಂತ್ರ ಕಿರುಗುಟ್ಟಿತು. ಬಾವಿಯೂ ಅಗಸನೂ ಬಂದರು. ಕುರಿ ಕಾಯುವವನ ಸಾಲುಗಳು ಬರಲೇ ಇಲ್ಲ. ಅಲ್ಲಿ ಬರೀ ಮೌನ. "ಇಲ್ಲಿ ತುದಿ ಕೂಡಿಸಲೇನ್ರಿ? ಯಾರಿಗೂ ಗೊತ್ತಾಗಂಗಿಲ್ಲ," ಎಂದ ಸೂರ್ಯಕಾಂತ. ನಾನು ಬೇಡವೆಂದೆ. ವಿದ್ಯಾ ದೊಡ್ಡವಳಾಗಿ ಇದನ್ನು ಕೇಳಿದಾಗ ಇಲ್ಲಿ ಏನೋ ಹೋಗಿದೆ ಎಂದಾದರೂ ಅವಳಿಗೆ ತಿಳಿಯಬೇಕು. ನಿನಗೆ ಆ ಸಾಲುಗಳು ಬರುತ್ತವೆ. ಮಗು ಕೇಳಿದರೆ ನೀನೇ ಹಾಡಿ ತೋರಿಸು. ಪಂಜಾಬಿ ಹೆಸರುಗಳನ್ನು ತೆಗೆಸಿ 'ರೇವಣಸಿದ್ಧ, ಮುರುಮ' ಎಂದು ನಿಂತು ಬರೆಸಿದ್ದೇನೆ.

ಎಲ್ಲ ಮುಗಿದ ಮೇಲೆ ಅವ್ವನಿಗೆ ಕೇಳಿಸಿದೆವು. ಕಣ್ಣು ಮುಚ್ಚಿ ಕೇಳಿದಳು. ಮೌನದ ಜಾಗ ಬಂದಾಗ ನಾನೂ ಸೂರ್ಯಕಾಂತನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವ್ವ ಕೈ ಎತ್ತಿ, "ತಡೀರಿ, ದಮ್ಮ ತೊಗೊಳ್ಳಕತ್ಯಾನ," ಎಂದಳು. ಹೌದವ್ವಾ ಎಂದೆ.

ಕಂಬಳಿಯ ವಿಷಯ ಅವಳಿಗೆ ಎಂದೂ ಹೇಳಬೇಡ.

ವ್ಯಾಪಾರಕ್ಕೆಂದು ಉದಗೀರದ ಪೇಟೆಗೆ ಹೋಗಿಬರುವ ನಮ್ಮೂರ ಮನ್ಮಥಪ್ಪನವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಂಚೆಯಲ್ಲಿ ಹಾಕಿದರೆ ಒಡೆಯುವ ಭಯ. ಬಿಸಿಲಿಗೆ ಇಡಬೇಡ, ಒರೆಸುವುದಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸು. ಬೀರಪ್ಪ ನಿನ್ನನ್ನೂ ಮಗುವನ್ನೂ ಚೆನ್ನಾಗಿ ಇಟ್ಟಿರಲಿ. ಮಗುವಿಗೆ ದೊಡ್ಡಪ್ಪನ ಮುದ್ದು.

ನಿನ್ನ ಭಾವ,
ಗುರಣ್ಣ

ತಾ.ಕ.: ಉದಗೀರದಲ್ಲಿ ನಿನಗೆ ಉಡಕಿ ಗೊತ್ತಾಗಿದೆ, ಮತ್ತೆ ಮದುವೆಯಾಗುತ್ತೀ, ವರ ಮಗುವನ್ನೂ ಜೊತೆಗಿಟ್ಟುಕೊಳ್ಳಲು ಒಪ್ಪಿದ್ದಾನೆ ಎಂದು ಮನ್ಮಥಪ್ಪನವರು ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಹೇಳಿದರು. ನೀನು ಬರೆದಿರಲಿಲ್ಲ. ಬರೆಯಲು ಕಷ್ಟವಾಗಿರಬೇಕು. ನನಗೆ ಸಿಟ್ಟಿಲ್ಲ, ನಿನ್ನ ವಯಸ್ಸಿಗೆ ಅದೇ ಸರಿ. ಮಗುವನ್ನು ನಮ್ಮ ಮನೆಗೆ ತರಬೇಕೆಂದು ಕುಲದ ಹಿರಿಯರು ಹೇಳಿದರು, ತಾಯಿಯ ಹತ್ತಿರವೇ ಇರಲಿ ಎಂದು ನಾನು ಉತ್ತರ ಕೊಟ್ಟಿದ್ದೇನೆ. ಆ ಮನೆಯಲ್ಲಿ ಈ ಹಾಡು ಹಚ್ಚುವುದು ಅವರಿಗೆ ಸೇರದಿದ್ದರೆ ಒತ್ತಾಯವಿಲ್ಲ. ಅವ್ವನಿಗೆ ಇದೆಲ್ಲ ಹೇಳಬಾರದೆಂದಿದ್ದೆ. ಬಾಗಿಲಲ್ಲಿ ಕೂತವಳು ಎಲ್ಲ ಕೇಳಿಸಿಕೊಂಡಿದ್ದಳು. ಮರುದಿನವೇ ಸಿಡಿ ಇಳಿಸಿ ಕೊಟ್ಟಳು. ಆಗ ಆಕೆ ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ: "ಇಷ್ಟ ದಿನ ದೇವರ ಸಲುವಾಗಿ ಇಟಗೊಂಡಿದ್ದಿಲ್ಲಪ್ಪಾ. ಇದು ಇಲ್ಲಿದ್ರ ಅಪ್ಪನ ದನಿ ಕೇಳ್ಲಾಕರೆ ಕೂಸು ಒಮ್ಮೆ ನನ್ನ ಮನಿಗಿ ಬಂದೀತು ಅಂತ ಇಟಗೊಂಡಿದ್ದೆ. ಇನ್ನ ಬರಂಗಿಲ್ಲ. ಕಳಿಸಿಬಿಡು."